ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

(ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಪ್ರೌಢಶಾಲಾ ಮಕ್ಕಳ ಪೋಷಕರ ಸಭೆಯಲ್ಲಿ ನಮ್ಮ ಸಂಸ್ಥೆಯ ಪರವಾಗಿ ಆಡಿದ ಮಾತುಗಳು)



ನಾವು ಸೇರಿದಾಗಲೆಲ್ಲ ಉಳಿತಾಯ, ಸಾಲ, ಕಂತು, ಬಡ್ಡಿ ಎಂದು ಲೆಕ್ಕದ ಮಾತೇ ಆಗುತ್ತದೆ. ಇವತ್ತು ಆ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಮಕ್ಕಳ ಆಟದ ಬಗ್ಗೆ ಮಾತಾಡೋಣ. "ಆಟದ ವಿಷಯಕ್ಕೂ ಒಂದು ಸಭೆ ಬೇಕಾ?" ಎಂದು ಬರುವಾಗಲೇ ಕೆಲವರು ಕೇಳಿದಿರಿ. ಕೇಳಿದ್ದರಲ್ಲಿ ತಪ್ಪಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮನ್ನು ಕೇಳಿದ್ದರೆ ನಾವೂ ಹಾಗೇ ಹೇಳುತ್ತಿದ್ದೆವು.

ನಮ್ಮಲ್ಲಿ ಒಂದು ಮಾತಿದೆ: 'ಆಟಕ್ಕುಂಟು, ಲೆಕ್ಕಕ್ಕಿಲ್ಲ'. ನಾವೆಲ್ಲ ಚಿಕ್ಕವರಿದ್ದಾಗ ಆಡುವ ಜಾಗಕ್ಕೆ ತಂಗಿಯೋ ತಮ್ಮನೋ ಹಿಂದೆ ಬಿದ್ದು ಬಂದರೆ ಅಳದಿರಲಿ ಅಂತ ಸೇರಿಸಿಕೊಳ್ಳುತ್ತಿದ್ದೆವು. ಮಗು ಓಡುತ್ತಿತ್ತು, ಕೂಗುತ್ತಿತ್ತು, ಆದರೆ ಔಟಾದರೂ ಲೆಕ್ಕವಿಲ್ಲ, ಗೆದ್ದರೂ ಲೆಕ್ಕವಿಲ್ಲ. ಇವತ್ತು ನಮ್ಮ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಆಟದ ಸ್ಥಿತಿ ಹಾಗೇ ಆಗಿದೆ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಇದೆ, ಲೆಕ್ಕಕ್ಕಿಲ್ಲ. ಶಾಲೆಯಲ್ಲಿ ಮೈದಾನ ಇದೆ, ಲೆಕ್ಕಕ್ಕಿಲ್ಲ. ಹೆಣ್ಣುಮಕ್ಕಳ ಪಾಲಿಗಂತೂ ಆಟವೇ ಲೆಕ್ಕದಿಂದ ಬಿಟ್ಟುಹೋಗಿದೆ.

ಗೇಟಿನ ಬಳಿ ಕೇಳಿದ ಮಾತು

ನಮಗೆ ಈ ವಿಷಯ ತಿಳಿದದ್ದು ಯಾವ ತರಬೇತಿಯಿಂದಲೂ ಅಲ್ಲ, ಒಂಬತ್ತನೇ ತರಗತಿಯ ಒಬ್ಬ ಹುಡುಗಿಯಿಂದ. ಅವಳ ತಾಯಿ ನಮ್ಮ ಒಂದು ಸಂಘದ ಸದಸ್ಯೆ. ಹುಡುಗಿ ಏಳನೇ ತರಗತಿಯಲ್ಲಿದ್ದಾಗ ಖೋ-ಖೋ ಆಡಿ ತಾಲ್ಲೂಕು ಮಟ್ಟಕ್ಕೆ ಹೋಗಿದ್ದಳು. ಪ್ರೈಮರಿ ಶಾಲೆ ಮುಗಿಸಿ ಹೈಸ್ಕೂಲಿಗೆ ಬಂದ ಮೇಲೆ ಆಟ ನಿಂತುಹೋಯಿತು. ಮನೆ ಭೇಟಿಗೆ ಹೋದಾಗ ನಾವು ಸುಮ್ಮನೆ ವಿಚಾರಿಸಿದೆವು. ತಾಯಿ, "ದೊಡ್ಡವಳಾದ್ಲಲ್ಲ ಮೇಡಂ, ಅವಳಿಗೇ ಆಸೆ ಹೋಯ್ತು" ಎಂದರು. ಹುಡುಗಿ ಪಾತ್ರೆ ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

ನಾವು ಹೊರಟಾಗ ಗೇಟಿನ ತನಕ ಬಂದು ಮೆಲ್ಲಗೆ ಹೇಳಿದಳು: "ಆಸೆ ಹೋಗಿಲ್ಲ ಅಕ್ಕಾ. ಬುಧವಾರ ಅವ್ವ ಸಂಘಕ್ಕೆ ಹೋಯ್ತದೆ, ತಮ್ಮನ್ನ ನಾನೇ ನೋಡ್ಕಬೇಕು. ಮಿಕ್ಕ ದಿನ ಡೈರಿಗೆ ಹಾಲು ಹಾಕಬೇಕು. ಪ್ರಾಕ್ಟೀಸ್‌ಗೆ ಹೋಗ್ದಿದ್ರೆ ಟೀಮಿಗೆ ಯಾರು ಸೇರಿಸ್ಕತ್ತಾರೆ?"

ಬುಧವಾರ ಸಂಜೆ ನಾಲ್ಕೂವರೆಗೆ ಆ ಸಭೆಯನ್ನು ಇಟ್ಟವರು ಯಾರು? ನಾವೇ. ತಾಯಂದಿರಿಗೆ ಕೂಲಿ ತಪ್ಪಬಾರದು, ರಾತ್ರಿ ಅಡುಗೆಗೂ ತಡವಾಗಬಾರದು ಅಂತ ಯೋಚನೆ ಮಾಡಿಯೇ ಆ ಹೊತ್ತನ್ನು ಗೊತ್ತು ಮಾಡಿದ್ದೆವು. ಅದೇ ಹೊತ್ತಿಗೆ ಶಾಲೆಯ ಮೈದಾನದಲ್ಲಿ ಅಭ್ಯಾಸ ನಡೆಯುತ್ತದೆ ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ಆ ಮೇಲೆ ಒಂದು ಸಂಘದಲ್ಲಿ, "ಈಗ ನೀವು ಇಲ್ಲಿದ್ದೀರಿ, ಮನೆಯಲ್ಲಿ ಚಿಕ್ಕ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?" ಎಂದು ಕೇಳಿದೆವು. ಒಬ್ಬರು ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ, "ನನ್ನ ಮಗಳು", "ನನ್ನ ದೊಡ್ಡ ಮಗಳು" ಎಂದರು. ಮಗ ಎಂದವರು ಇಲ್ಲವೆನ್ನುವಷ್ಟು ಕಡಿಮೆ. ತಾಯಂದಿರ ಏಳಿಗೆಗೆ ಅಂತ ನಾವು ನಡೆಸಿದ ಸಭೆಯ ಬೆಲೆಯನ್ನು ಹೆಣ್ಣುಮಕ್ಕಳು ತಮ್ಮ ಆಟ ಬಿಟ್ಟು ಕೊಡುತ್ತಿದ್ದರು. ಇದನ್ನು ನಿಮ್ಮ ಮುಂದೆ ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇವೆ.

ಬೆಳೆಯುವ ದೇಹ ಏನು ಕೇಳುತ್ತದೆ?

5ರಿಂದ 17 ವರ್ಷದ ಮಕ್ಕಳು ಸರಾಸರಿ ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು, ವಾರದಲ್ಲಿ ಮೂರು ದಿನವಾದರೂ ಜೋರಾದ ಓಟ, ನೆಗೆತ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಸಂಸ್ಥೆಯ ತಜ್ಞರು 146 ದೇಶಗಳ ಶಾಲಾ ಮಕ್ಕಳ ಮಾಹಿತಿ ಕೂಡಿಸಿ 2019ರಲ್ಲಿ ಒಂದು ವರದಿ ಕೊಟ್ಟರು. 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ಈ ಒಂದು ಗಂಟೆ ಸಿಗುತ್ತಿಲ್ಲ. ಹುಡುಗರಲ್ಲಿ ನೂರಕ್ಕೆ 78, ಹುಡುಗಿಯರಲ್ಲಿ ನೂರಕ್ಕೆ 85. ನಮ್ಮ ದೇಶದಲ್ಲೂ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರ ಕಥೆ ಇದೇ.

"ನಮ್ಮ ಮಕ್ಕಳು ಮನೆಗೆಲಸ ಮಾಡ್ತಾರಲ್ಲ, ಅದೇ ವ್ಯಾಯಾಮ" ಎಂದು ನೀವು ಹೇಳಬಹುದು. ನೀರು ಹೊರುವುದು, ಹುಲ್ಲು ತರುವುದು ಮೈಗೆ ಶ್ರಮ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಟ ಕೊಡುವುದನ್ನೆಲ್ಲ ಕೆಲಸ ಕೊಡುವುದಿಲ್ಲ. ಆಟದಲ್ಲಿ ಮಗು ತಾನಾಗಿ ಓಡುತ್ತದೆ, ನಗುತ್ತದೆ, ಸೋಲುತ್ತದೆ, ಮತ್ತೆ ಏಳುತ್ತದೆ, ಜೊತೆಯವರನ್ನು ನಂಬುವುದನ್ನು ಕಲಿಯುತ್ತದೆ. ಎಲುಬು ಗಟ್ಟಿಯಾಗುವುದು ಹೆಚ್ಚಾಗಿ ಈ ಹರೆಯದಲ್ಲೇ. ಈಗ ಓಡಿ ನೆಗೆದು ಗಟ್ಟಿ ಮಾಡಿಕೊಂಡ ಎಲುಬು ಅರವತ್ತು ವರ್ಷಕ್ಕೆ ಜಾರಿ ಬಿದ್ದಾಗ ಕಾಯುತ್ತದೆ. ಸಂಘದ ಭಾಷೆಯಲ್ಲಿ ಹೇಳಬೇಕೆಂದರೆ ಇದೂ ಒಂದು ಉಳಿತಾಯ. ಕಟ್ಟುವ ಕಾಲದಲ್ಲಿ ಕಟ್ಟದಿದ್ದರೆ ಆಮೇಲೆ ತೆಗೆಯುವುದಕ್ಕೆ ಏನೂ ಇರುವುದಿಲ್ಲ.

ಓದಿಗೆ ಅಡ್ಡಿಯಾಗುವುದಿಲ್ಲವೇ?

ಪೋಷಕರ ದೊಡ್ಡ ಭಯ ಎಸ್.ಎಸ್.ಎಲ್.ಸಿ. ಹತ್ತನೇ ತರಗತಿ ಬಂತೆಂದರೆ ಮನೆಯಲ್ಲಿ ಟಿ.ವಿ. ಬಂದ್, ಮೊಬೈಲ್ ಬಂದ್ (ಮೊಬೈಲ್ ಬಂದ್ ಆಗುವುದು ಹೇಳುವುದಕ್ಕೆ ಮಾತ್ರ), ಆಟವೂ ಬಂದ್. ಶಾಲೆಯಲ್ಲೂ ಆಟದ ಪಿರಿಯಡ್ ಬಂತೆಂದರೆ ಗಣಿತದವರೋ ವಿಜ್ಞಾನದವರೋ ಬಾಗಿಲಲ್ಲಿ ನಿಂತಿರುತ್ತಾರೆ. ನಾವು ಶಿಕ್ಷಕರನ್ನು ದೂರುವುದಿಲ್ಲ. ಫಲಿತಾಂಶ ಕಡಿಮೆಯಾದರೆ ಅವರನ್ನು ಪ್ರಶ್ನೆ ಮಾಡುವವರೂ ನಾವೇ ತಾನೇ!

ಆದರೆ ಆಟ ಬಿಟ್ಟರೆ ಅಂಕ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಇದೇ ವಿಷಯದ 50 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ 2010ರಲ್ಲಿ ವರದಿ ಕೊಟ್ಟರು. ಶಾಲೆಯಲ್ಲಿ ಆಟ, ವ್ಯಾಯಾಮಕ್ಕೆ ಸಮಯ ಹೆಚ್ಚು ಕೊಟ್ಟರೆ ಓದು ಕೆಡುವುದಿಲ್ಲ, ಎಷ್ಟೋ ಕಡೆ ಗಮನ, ನಡವಳಿಕೆ, ಅಂಕಗಳು ಸುಧಾರಿಸಿವೆ ಎಂಬುದು ಅದರ ಸಾರ. ದಿನವೆಲ್ಲ ಬೆಂಚಿನ ಮೇಲೆ ಕೂತ ಮಗುವನ್ನು ಸಂಜೆ ಟ್ಯೂಷನ್‌ಗೆ, ಅಲ್ಲಿಂದ ಮತ್ತೆ ಪುಸ್ತಕದ ಮುಂದೆ ಕೂರಿಸಿದರೆ ಕಣ್ಣು ಪುಸ್ತಕದ ಮೇಲಿರುತ್ತದೆ, ಮನಸ್ಸು ಇರುವುದಿಲ್ಲ. ಒಂದು ಗಂಟೆ ಓಡಾಡಿ ಬಂದು, ಕೈಕಾಲು ತೊಳೆದು, ಏನಾದರೂ ತಿಂದು ಕೂತ ಮಗು ಓದುವ ರೀತಿಯೇ ಬೇರೆ. ಬೇಕಾದರೆ ಹದಿನೈದು ದಿನ ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಾಠ ಬೇರೆ, ಆಟ ಬೇರೆ ಎಂಬ ಗೋಡೆ ಬೇಡ ಎಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದವುಗಳ ಪಟ್ಟಿ ಇದೆ. ಅದರಲ್ಲಿ ಕುಡಿಯುವ ನೀರು, ಶೌಚಾಲಯ, ಗ್ರಂಥಾಲಯದ ಜೊತೆಯಲ್ಲೇ ಆಟದ ಮೈದಾನ ಮತ್ತು ಆಟದ ಸಾಮಾನುಗಳನ್ನೂ ಸೇರಿಸಿದ್ದಾರೆ. ಆ ಕಾಯ್ದೆ ಎಂಟನೇ ತರಗತಿಯವರೆಗೆ ಮಾತ್ರ. ಆದರೆ ಒಂಬತ್ತಕ್ಕೆ ಬಂದ ಕೂಡಲೇ ಮಗುವಿನ ಕಾಲಿಗೆ ಮೈದಾನ ಬೇಡವಾಗುತ್ತದೆಯೇ?

ಹೆಣ್ಣುಮಕ್ಕಳ ವಿಷಯ ಬಿಚ್ಚಿ ಮಾತಾಡೋಣ

ಹುಡುಗಿಯರ ಆಟ ನಿಲ್ಲಿಸುವ ಮೂರು ಕಾರಣಗಳನ್ನು ನಾವು ಪಿಸುಮಾತಿನಲ್ಲೇ ಹೇಳುತ್ತೇವೆ. ಇಲ್ಲಿ ತಾಯಂದಿರೂ ಇದ್ದೀರಿ, ತಂದೆಯಂದಿರೂ ಇದ್ದೀರಿ. ಇಬ್ಬರೂ ಕೇಳಬೇಕು.

ಮೊದಲನೆಯದು ಮುಟ್ಟು. "ಆ ದಿನಗಳಲ್ಲಿ ಓಡಬಾರದು" ಎಂಬ ಮಾತಿಗೆ ವೈದ್ಯಕೀಯ ಕಾರಣವಿಲ್ಲ. ಮಗುವಿಗೆ ಆಗುವಷ್ಟು ಆಡಬಹುದು. ಹಗುರವಾದ ವ್ಯಾಯಾಮದಿಂದ ಎಷ್ಟೋ ಜನರಿಗೆ ಹೊಟ್ಟೆನೋವು ಕಡಿಮೆಯೂ ಆಗುತ್ತದೆ. ಸುಸ್ತಾದರೆ ಕೂರಲಿ, ಬಲವಂತ ಬೇಡ. ನೋವು ಅಥವಾ ಸ್ರಾವ ವಿಪರೀತವಿದ್ದರೆ ಆಸ್ಪತ್ರೆಗೆ ತೋರಿಸಿ. ನಿಜವಾದ ತೊಂದರೆ ಬೇರೆ ಇದೆ: ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಚಿಲಕವಿಲ್ಲ, ಪ್ಯಾಡ್ ಬದಲಿಸಿ ಹಾಕಲು ಜಾಗವಿಲ್ಲ. ಸರ್ಕಾರಿ ಶಾಲೆಯ ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ 'ಶುಚಿ' ಯೋಜನೆ ನಮ್ಮ ರಾಜ್ಯದಲ್ಲಿ 2013-14ರಲ್ಲಿ ಶುರುವಾಯಿತು, ನಡುವೆ ನಿಂತು ಆಮೇಲೆ ಮತ್ತೆ ಬಂತು. ನಿಮ್ಮ ಮಗಳ ಕೈಗೆ ಸಿಗುತ್ತಿದೆಯೇ ಎಂದು ಅವಳನ್ನೇ ಕೇಳಿ. ಸಿಗದಿದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ.

ಎರಡನೆಯದು ರಕ್ತಹೀನತೆ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ. ಹುಡುಗರಲ್ಲೂ ನೂರಕ್ಕೆ 31 ಮಂದಿಗೆ. "ನಮ್ಮ ಹುಡುಗಿ ಸೋಮಾರಿ, ಎರಡು ಸುತ್ತು ಓಡಿದ್ರೆ ಕೂತ್ಕೋತಾಳೆ" ಎನ್ನುತ್ತೇವಲ್ಲ, ಅದು ಸೋಮಾರಿತನವೋ ರಕ್ತವಿಲ್ಲದ ಆಯಾಸವೋ? ಈ ವಯಸ್ಸಿನ ಹುಡುಗಿಯರಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕು, ಅದರ ಹಿಂದೆ ಮುಂದೆ ಕಾಫಿ ಟೀ ಬೇಡ. ಮಲ ಕಪ್ಪಗಾದರೆ ಹೆದರಬೇಡಿ. ಮನೆಯಲ್ಲಿ ನುಗ್ಗೆ ಸೊಪ್ಪು, ಹುರುಳಿ, ರಾಗಿ, ಜೊತೆಗೊಂದು ನಿಂಬೆಹಣ್ಣು ಇರಲಿ. ಮುದ್ದೆ ಊಟದಲ್ಲಿ ಮೊದಲ ಪಾಲು ಗಂಡಸರಿಗೆ, ಉಳಿದದ್ದು ಹೆಣ್ಣುಮಕ್ಕಳಿಗೆ ಎಂಬ ರೂಢಿ ಇದ್ದರೆ ಅದನ್ನು ಬಿಡಿ. ಹಸಿದ ಹೊಟ್ಟೆಯ ಮಗುವನ್ನು ಮೈದಾನಕ್ಕೆ ಕಳಿಸಿ ಓಡು ಎನ್ನುವುದು ನ್ಯಾಯವಲ್ಲ.

ಮೂರನೆಯದು ಭಯ. "ಪರ ಊರಿಗೆ ಟೂರ್ನಮೆಂಟಿಗೆ ಹೆಣ್ಣುಮಗಳನ್ನು ಹೇಗೆ ಕಳಿಸೋದು?" ಈ ಭಯವನ್ನು ನಾವು ತಮಾಷೆ ಮಾಡುವುದಿಲ್ಲ. ಆದರೆ ಭಯಕ್ಕೆ ಉತ್ತರ ಆಟ ನಿಲ್ಲಿಸುವುದಲ್ಲ, ಏರ್ಪಾಡು ಮಾಡುವುದು. ಹುಡುಗಿಯರ ತಂಡ ಹೊರಗೆ ಹೋದರೆ ಜೊತೆಗೆ ಒಬ್ಬ ಶಿಕ್ಷಕಿ ಅಥವಾ ತಾಯಿ ಹೋಗಲೇಬೇಕು. ಎಲ್ಲಿ ಉಳಿಯುತ್ತಾರೆ, ಯಾವಾಗ ವಾಪಸ್ ಬರುತ್ತಾರೆ ಎಂಬುದು ಬರವಣಿಗೆಯಲ್ಲಿರಬೇಕು. ಯಾರೇ ಆಗಲಿ ಮೈ ಮುಟ್ಟಿ ಕಿರುಕುಳ ಕೊಟ್ಟರೆ ಮಗು ಮನೆಗೆ ಬಂದು ಹೇಳುವ ಧೈರ್ಯ ನಾವು ಕೊಡಬೇಕು. ಹೇಳಿದಾಗ "ಅದಕ್ಕೇ ಹೇಳಿದ್ದು ಹೋಗಬೇಡ ಅಂತ" ಎಂದು ಅವಳನ್ನೇ ಬೈಯಬಾರದು. ಮಕ್ಕಳ ರಕ್ಷಣೆಗೆ 2012ರ ಪೋಕ್ಸೋ ಕಾಯ್ದೆ ಇದೆ, 1098 ಮಕ್ಕಳ ಸಹಾಯವಾಣಿ ಇದೆ. ಈ ನಂಬರು ಪ್ರತಿ ಮಗುವಿಗೂ ಬಾಯಿಪಾಠ ಇರಲಿ. ಹುಡುಗರಿಗೂ ಇದೇ ಮಾತು ಅನ್ವಯಿಸುತ್ತದೆ.

ಗೆಲ್ಲದ ಮಕ್ಕಳು ಎಲ್ಲಿ ಹೋಗಬೇಕು?

ಇಲ್ಲಿ ನಮ್ಮ ಇನ್ನೊಂದು ತಪ್ಪನ್ನೂ ಹೇಳಬೇಕು. ಯುವಜನರಿಗಾಗಿ ನಾವು ನಡೆಸಿದ ಪಂದ್ಯಾಟಗಳಲ್ಲಿ ಕಪ್ಪು, ಟೀ ಶರ್ಟು, ಶಾಲು, ಫೋಟೋ ಎಲ್ಲ ಗೆದ್ದವರಿಗೆ. ಖೋ-ಖೋ ತಂಡಕ್ಕೆ ಬೇಕಾದವರು 12 ಜನ. ಕಬಡ್ಡಿಗೂ ಹೆಚ್ಚೆಂದರೆ ಅಷ್ಟೇ. ಶಾಲೆಯಲ್ಲಿ 150 ಮಕ್ಕಳಿದ್ದರೆ ಉಳಿದವರು ಏನು ಮಾಡಬೇಕು? ಚಪ್ಪಾಳೆ ತಟ್ಟಬೇಕೇ?

ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಶಾಲಾ ಕ್ರೀಡಾಕೂಟಗಳು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತವೆ. ಒಂದೊಂದು ಮೆಟ್ಟಿಲಿಗೂ ನೂರಾರು ಮಕ್ಕಳು ಕೆಳಗೇ ಉಳಿಯುತ್ತಾರೆ. ಅದು ಪಂದ್ಯದ ನಿಯಮ, ಆಗಲಿ. ಆದರೆ ಹೋಬಳಿ ಮಟ್ಟದಲ್ಲಿ ಸೋತ ಮರುದಿನವೇ ಆ ಮಗುವಿನ ವರ್ಷದ ಆಟ ಮುಗಿಯಬಾರದು. ದಪ್ಪಗಿರುವ ಹುಡುಗನನ್ನು ಅಡ್ಡಹೆಸರಿನಿಂದ ಕರೆದು ನಗುತ್ತೇವೆ, ಅವನು ಮರುದಿನದಿಂದ ಮೈದಾನಕ್ಕೆ ಬರುವುದಿಲ್ಲ, ಮೊಬೈಲಿನಲ್ಲೇ ಕ್ರಿಕೆಟ್ ಆಡುತ್ತಾನೆ. ಕಾಲು ಊನವಾದ ಮಗುವಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟು ದೊಡ್ಡ ಉಪಕಾರ ಮಾಡಿದೆವು ಎಂದುಕೊಳ್ಳುತ್ತೇವೆ. ಅದಕ್ಕೂ ಚೆಂಡು ಎಸೆಯಲು, ರಿಂಗ್ ಹಿಡಿಯಲು, ಗುಂಡು ಎಸೆಯಲು ಆಸೆಯಿದೆ. ಗೆರೆ ಸ್ವಲ್ಪ ಹತ್ತಿರ ಎಳೆದರೆ ಆಯಿತು. ನಿಯಮ ನಾವು ಮಾಡಿದ್ದು ತಾನೇ?

ಖರ್ಚಿನ ಮಾತು ಬೇಡ

"ನಮ್ಮ ಶಾಲೆಗೆ ಅಷ್ಟೆಲ್ಲ ದುಡ್ಡಿಲ್ಲ" ಎನ್ನುವವರಿಗೆ ಖೋ-ಖೋ ಉದಾಹರಣೆ ಸಾಕು. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, ಕಲ್ಲು ಆರಿಸಿದ ನೆಲ. ಬ್ಯಾಟಿಲ್ಲ, ಬಾಲಿಲ್ಲ. ಈ ಆಟದ ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆಯಿತು. ಜನವರಿ 19ರಂದು ನಮ್ಮ ಮಹಿಳೆಯರ ತಂಡ ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿ ಕಪ್ ಗೆದ್ದಿತು. ಆ ತಂಡದಲ್ಲಿ ಆಡಿದ ಬಿ. ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕಬಡ್ಡಿಯಲ್ಲಿ 2012ರ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯವರು. ಇಬ್ಬರೂ ನಮ್ಮಂಥದೇ ಹಳ್ಳಿಯ ಮಕ್ಕಳು.

ಎಲ್ಲ ಮಕ್ಕಳೂ ಅವರಂತೆ ಆಗಬೇಕು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮತ್ತೆ ಗೆಲ್ಲುವವರ ಲೆಕ್ಕಕ್ಕೇ ಹೋದಂತಾಯಿತು. ನಮ್ಮ ಮಾತು ಇಷ್ಟೇ: ಅವರನ್ನು ಯಾರೋ ಒಂಬತ್ತನೇ ತರಗತಿಯಲ್ಲಿ ಮನೆಯಲ್ಲಿ ಕೂರಿಸಿದ್ದರೆ ನಮಗೆ ಅವರ ಹೆಸರೇ ಗೊತ್ತಾಗುತ್ತಿರಲಿಲ್ಲ. ಹಾಗೆ ಕೂತುಬಿಟ್ಟವರು ಎಷ್ಟು ಜನ ಎಂಬುದನ್ನು ಯಾರೂ ಎಣಿಸಿಲ್ಲ.

ನಾವು ಏನು ಮಾಡಬಹುದು?

ಮಾತು ಮುಗಿಸುವ ಮುಂಚೆ ಕೈಯಲ್ಲಾಗುವ ಕೆಲವು ಕೆಲಸಗಳನ್ನು ಹೇಳುತ್ತೇವೆ. ನಿಮ್ಮ ಸಂಘದಲ್ಲಿ ಚರ್ಚಿಸಿ, ಒಪ್ಪಿಗೆಯಾದರೆ ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

1. ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಮಗುವಿನದು. ಹಾಲು ಹಾಕುವುದು, ತಮ್ಮನನ್ನು ನೋಡಿಕೊಳ್ಳುವುದು ಮಗ ಮಗಳು ಇಬ್ಬರಿಗೂ ಹಂಚಿರಲಿ. ವಾರದಲ್ಲಿ ಎರಡು ದಿನ ಅಪ್ಪ ಡೈರಿಗೆ ಹೋದರೆ ಹಾಲಿನ ಡಿಗ್ರಿ ಕಡಿಮೆಯಾಗುವುದಿಲ್ಲ.

2. ಸಂಘದ ಸಭೆಗಳು ಶಾಲೆಯ ಆಟದ ಹೊತ್ತಿನಲ್ಲಿ ಬೇಡ. ಆಗದಿದ್ದರೆ ಚಿಕ್ಕ ಮಕ್ಕಳನ್ನು ಸಭೆಗೇ ಕರೆತನ್ನಿ. ಸರದಿಯ ಮೇಲೆ ಇಬ್ಬರು ತಾಯಂದಿರು ಅವರನ್ನು ನೋಡಿಕೊಳ್ಳಲಿ.

3. ಎಸ್.ಡಿ.ಎಂ.ಸಿ. ಸಭೆಯಲ್ಲಿ ಫಲಿತಾಂಶ ಕೇಳುವಂತೆ ಆಟದ ಪಿರಿಯಡ್‌ಗಳನ್ನೂ ಕೇಳಿ. ವಾರದಲ್ಲಿ ಎಷ್ಟಿವೆ, ಎಷ್ಟು ನಿಜವಾಗಿ ನಡೆದವು, ಹುಡುಗಿಯರು ಆಡಿದರೇ? ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

4. ಶಾಲಾ ಮೈದಾನದಲ್ಲಿ ಮದುವೆ ಚಪ್ಪರ, ಕಣ, ಟ್ರ್ಯಾಕ್ಟರ್ ಬೇಡ. ನೆಲ ಸಮ ಮಾಡಿಸಲು ಗ್ರಾಮಸಭೆಯಲ್ಲಿ ಬೇಡಿಕೆ ಇಡಿ. ಉದ್ಯೋಗ ಖಾತರಿ ಹಣದಲ್ಲಿ ಎಷ್ಟೋ ಶಾಲೆಗಳ ಮೈದಾನ ಆಗಿರುವುದನ್ನು ಪಂಚಾಯಿತಿಯವರಿಗೆ ನೆನಪಿಸಿ. ಕಲ್ಲು ಆರಿಸಲು ಯಾರ ಅಪ್ಪಣೆಯೂ ಬೇಡ, ಒಂದು ಭಾನುವಾರ ಸಾಕು.

5. ಹುಡುಗಿಯರು ಆಡುವಾಗ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡರೆ ಊರು ಮುಳುಗುವುದಿಲ್ಲ. ಆಡಿಕೊಳ್ಳುವವರ ಬಾಯಿ ಮುಚ್ಚಿಸಬೇಕಾದವರು ದೊಡ್ಡವರಾದ ನಾವು.

6. ಪಂದ್ಯಕ್ಕೆ ಆಯ್ಕೆಯಾಗದ ಮಕ್ಕಳಿಗೂ ಪ್ರತಿದಿನ ಆಟವಿರಲಿ. ಲಗೋರಿ, ಕುಂಟಾಬಿಲ್ಲೆ, ಥ್ರೋಬಾಲ್, ಹಗ್ಗದಾಟ, ಓಟ, ಯಾವುದಾದರೂ ಆದೀತು. ನಾವು ಇನ್ನು ಮುಂದೆ ನಡೆಸುವ ಕ್ರೀಡಾಕೂಟದಲ್ಲಿ ಎಲ್ಲ ಮಕ್ಕಳೂ ಒಂದಾದರೂ ಆಟ ಆಡಿರಬೇಕು ಎಂಬ ನಿಯಮ ಇರುತ್ತದೆ.

7. ವರ್ಷಕ್ಕೆರಡು ಸಲವಾದರೂ ಮಗಳು ಆಡುವುದನ್ನು ನೋಡಲು ಹೋಗಿ. ಏನೂ ಹೇಳಬೇಡಿ, ಸುಮ್ಮನೆ ಗೆರೆಯ ಆಚೆ ನಿಂತು ನೋಡಿ. ಅವಳಿಗೆ ಅಷ್ಟು ಸಾಕು.

ಕೊನೆಯದಾಗಿ, ಆ ಹುಡುಗಿಯ ವಿಷಯ ಏನಾಯಿತು ಎಂದು ನೀವು ಕೇಳುತ್ತೀರಿ. ಆ ಸಂಘದ ಸಭೆಯನ್ನು ಭಾನುವಾರ ಮಧ್ಯಾಹ್ನಕ್ಕೆ ಬದಲಿಸಿದೆವು. ಡೈರಿಯ ಕೆಲಸ ಅಣ್ಣನಿಗೆ ಹೋಯಿತು, ಗೊಣಗಿಕೊಂಡೇ ಹೋಗುತ್ತಾನಂತೆ, ಹೋಗಲಿ. ಅವಳು ಮತ್ತೆ ಮೈದಾನಕ್ಕೆ ಇಳಿದಳು. ಒಂದೂವರೆ ವರ್ಷ ಬಿಟ್ಟಿದ್ದರಿಂದ ಕಾಲು ಹಿಂದಿನಂತೆ ಓಡಲಿಲ್ಲ, ಆ ವರ್ಷ ತಂಡಕ್ಕೆ ಆಯ್ಕೆಯಾಗಲಿಲ್ಲ. ಹೋದ ಒಂದೂವರೆ ವರ್ಷವನ್ನು ನಾವ್ಯಾರೂ ಅವಳಿಗೆ ವಾಪಸ್ ಕೊಡಲಾರೆವು. ಸಾಲದ ಕಂತು ತಪ್ಪಿದರೆ ಮುಂದಿನ ತಿಂಗಳು ಕಟ್ಟಬಹುದು, ಮಕ್ಕಳ ಹರೆಯದ ವಿಷಯದಲ್ಲಿ ಹಾಗಾಗುವುದಿಲ್ಲ. ಆದರೂ ಅವಳು ದಿನಾ ಸಂಜೆ ಆಡುತ್ತಾಳೆ. ಅವಳ ತಾಯಿ ಮೊನ್ನೆ ಸಿಕ್ಕಾಗ, "ಟೀಮಿಗೆ ಸೇರ್ಲಿಲ್ಲ ಮೇಡಂ, ಆದ್ರೆ ಮನೇಲಿ ಈಗ ಮಾತಾಡ್ತಾಳೆ, ನಗ್ತಾಳೆ" ಎಂದರು.

ನಮ್ಮ ಲೆಕ್ಕದ ಪುಸ್ತಕದಲ್ಲಿ ಇದನ್ನು ಬರೆಯಲು ಕಾಲಂ ಇಲ್ಲ. ಆದರೂ ಲೆಕ್ಕಕ್ಕೆ ಹಿಡಿಯೋಣ. ಇವತ್ತು ಸಂಜೆ ಮನೆಗೆ ಹೋದ ಕೂಡಲೇ ನಿಮ್ಮ ಮಗನನ್ನು, ಮಗಳನ್ನು ಒಂದೇ ಒಂದು ಮಾತು ಕೇಳಿ: "ಇವತ್ತು ಏನು ಆಡಿದೆ?" ಉತ್ತರ ಬಾರದಿದ್ದರೆ ಎಲ್ಲಿಂದ ಶುರು ಮಾಡಬೇಕು ಎಂಬುದು ನಿಮಗೇ ತಿಳಿಯುತ್ತದೆ.